ಎರಡು ನಿಮಿಷದಲ್ಲಿ ವಜಾ: ಸುಪ್ರೀಂ ಕೋರ್ಟ್ ಯಾರ ಮೇಲ್ಮನವಿಯನ್ನು ಕೇಳುತ್ತದೆ?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆ. ದಾಯಾದಿಗಳು ಜಮೀನಿನಲ್ಲಿ ಪಾಲು ಕೇಳಿ ದಾವೆ ಹೂಡಿದರು. ನಮ್ಮ ಅಜ್ಜನ ಕಾಲದಲ್ಲೇ ವಾಟ್ನಿ (ಆಸ್ತಿ ಹಂಚಿಕೆ) ಆಗಿದೆ ಎಂಬುದು ನಮ್ಮ ವಾದ. ಸಿವಿಲ್ ಕೋರ್ಟು ಅದನ್ನು ನಂಬಲಿಲ್ಲ, ಜಿಲ್ಲಾ ಕೋರ್ಟಿನ ಅಪೀಲಿನಲ್ಲೂ ಸೋತೆವು, ಹೈಕೋರ್ಟಿನ ಧಾರವಾಡ ಪೀಠದಲ್ಲಿ ಆರ್‌ಎಸ್‌ಎ (ಎರಡನೇ ಮೇಲ್ಮನವಿ) ವಜಾ ಆಯಿತು. ಇದ್ದಬದ್ದ ಹಣ ಕೂಡಿಸಿ ದೆಹಲಿಗೆ ಹೋದೆವು. ಅಲ್ಲಿ ನಮ್ಮ ವಕೀಲರು ಎರಡು ನಿಮಿಷವೂ ಮಾತನಾಡಲಿಲ್ಲ, ವಜಾ ಎಂದರು. ಆದೇಶದಲ್ಲಿ ಮೂರು ಸಾಲು, ಕಾರಣವೇ ಇಲ್ಲ. ಅವರು ನಮ್ಮ ಕಾಗದ ಓದಿದ್ದಾರೋ ಇಲ್ಲವೋ? ಯಾವ ಕೇಸು ಕೇಳಬೇಕು, ಯಾವುದು ಬೇಡ ಎಂದು ಹೇಗೆ ತೀರ್ಮಾನಿಸುತ್ತಾರೆ? ದಾಯಾದಿಗಳು ಊರಲ್ಲಿ ‘ಸುಪ್ರೀಂ ಕೋರ್ಟೇ ನಮ್ಮ ಕಡೆ ತೀರ್ಪು ಕೊಟ್ಟಿದೆ’ ಎನ್ನುತ್ತಿದ್ದಾರೆ. ಅದು ನಿಜವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಊರಲ್ಲಿ ದಿನಾ ನಿಮ್ಮ ಎದುರಿಗೆ ಬರುವ ಮಾತು ಅದೇ. ದಾಯಾದಿಗಳು ಹೇಳುತ್ತಿರುವುದು ಕಾನೂನಿನ ಪ್ರಕಾರ ಸರಿಯಲ್ಲ. ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿಲ್ಲ, ಏಕೆಂದರೆ ನಿಮ್ಮ ಮೇಲ್ಮನವಿ ಅಲ್ಲಿ ಇನ್ನೂ ಹುಟ್ಟಿಯೇ ಇರಲಿಲ್ಲ. ನೀವು ಸಲ್ಲಿಸಿದ್ದು ‘ಮೇಲ್ಮನವಿ ಹಾಕಲು ವಿಶೇಷ ಅನುಮತಿ ಕೊಡಿ’ ಎಂಬ ಅರ್ಜಿಯನ್ನು. ವಕೀಲರ ಬಾಯಲ್ಲಿ ಅದು ಎಸ್‌ಎಲ್‌ಪಿ. ಕೋರ್ಟು ಆ ಅನುಮತಿ ಕೊಡಲಿಲ್ಲ. ಹಾಗಾಗಿ ಇಂದು ನಿಮ್ಮ ಜಮೀನಿನ ಮೇಲೆ ನಿಂತಿರುವುದು ಧಾರವಾಡ ಪೀಠದ ತೀರ್ಪೇ ಹೊರತು ದೆಹಲಿಯದಲ್ಲ. ಇದರಿಂದ ಫಲಿತಾಂಶ ಬದಲಾಗುವುದಿಲ್ಲ ಎಂಬುದನ್ನೂ ಈಗಲೇ ಹೇಳಿಬಿಡಬೇಕು: ಪಾಲಿನ ಡಿಕ್ರಿ ಹಾಗೆಯೇ ಇದೆ, ಅವರು ಅಂತಿಮ ಡಿಕ್ರಿಗೆ, ಅಂದರೆ ಯಾರಿಗೆ ಯಾವ ಭಾಗ ಎಂದು ಗೊತ್ತುಮಾಡುವ ಆದೇಶಕ್ಕೆ, ಅರ್ಜಿ ಹಾಕಿ ಜಮೀನು ಅಳೆಸಿಕೊಳ್ಳಬಹುದು. ಆದರೂ ‘ಸುಪ್ರೀಂ ಕೋರ್ಟು ನಮ್ಮನ್ನು ಸುಳ್ಳುಗಾರರೆಂದಿತು’ ಎಂದು ನೀವು ಕೊರಗುತ್ತಿದ್ದರೆ, ಆ ಕೊರಗಿಗೆ ಆಧಾರವಿಲ್ಲ.

ಈ ಅನುಮತಿಯ ಮಾತು ಎಲ್ಲಿಂದ ಬಂತು? ನಮ್ಮ ಸಂವಿಧಾನದಲ್ಲಿ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಗಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ‘ಈ ಪ್ರಕರಣದಲ್ಲಿ ಸಾರ್ವತ್ರಿಕ ಮಹತ್ವದ ಕಾನೂನು ಪ್ರಶ್ನೆಯೊಂದು ಇದೆ, ಇದನ್ನು ಸುಪ್ರೀಂ ಕೋರ್ಟೇ ತೀರ್ಮಾನಿಸಬೇಕು’ ಎಂದು ಹೈಕೋರ್ಟೇ ಪ್ರಮಾಣಪತ್ರ ಕೊಡುವುದು. ಸಿವಿಲ್ ಪ್ರಕರಣಗಳಿಗೆ ಇದು 133ನೇ ವಿಧಿಯಲ್ಲಿದೆ. ಒಂದು ಕಾಲಕ್ಕೆ ಅಲ್ಲಿ ಹಣದ ಲೆಕ್ಕವೂ ಇತ್ತು. ವ್ಯಾಜ್ಯದ ಮೌಲ್ಯ 20,000 ರೂಪಾಯಿ ಇದ್ದರೆ ಮೇಲ್ಮನವಿಯ ದಾರಿ ತೆರೆಯುತ್ತಿತ್ತು. 1972ರ 30ನೇ ತಿದ್ದುಪಡಿ ಆ ಲೆಕ್ಕವನ್ನು ಕಿತ್ತುಹಾಕಿ, ಆಸ್ತಿಯ ಬೆಲೆ ಎಷ್ಟೇ ಇರಲಿ, ಕಾನೂನಿನ ಪ್ರಶ್ನೆಗೆ ತೂಕವಿದೆಯೇ ಎಂಬುದನ್ನು ಮಾತ್ರ ಉಳಿಸಿತು. ಹೈಕೋರ್ಟುಗಳು ಇಂಥ ಪ್ರಮಾಣಪತ್ರ ಕೊಡುವುದು ಅಪರೂಪ.

ಎರಡನೆಯ ದಾರಿ 136ನೇ ವಿಧಿ. ನೀವು ಹೋದದ್ದು ಅದರಲ್ಲಿ. ದೇಶದ ಯಾವುದೇ ನ್ಯಾಯಾಲಯ ಅಥವಾ ನ್ಯಾಯಮಂಡಳಿಯ ಯಾವುದೇ ತೀರ್ಪು, ಆದೇಶದ ವಿರುದ್ಧ ಸುಪ್ರೀಂ ಕೋರ್ಟ್ ‘ತನ್ನ ವಿವೇಚನೆಯಂತೆ’ ಮೇಲ್ಮನವಿಗೆ ವಿಶೇಷ ಅನುಮತಿ ಕೊಡಬಹುದು ಎನ್ನುತ್ತದೆ ಅದು. ಸೇನಾ ನ್ಯಾಯಾಲಯಗಳ ಆದೇಶಗಳನ್ನು ಮಾತ್ರ ಹೊರಗಿಟ್ಟಿದೆ. ಬಾಗಿಲು ಇಷ್ಟು ಅಗಲವಾಗಿದ್ದರೂ ಅದನ್ನು ತೆರೆಯುವುದು, ಬಿಡುವುದು ಒಳಗಿರುವವರ ಇಷ್ಟ. ತಟ್ಟುವ ಹಕ್ಕು ಎಲ್ಲರಿಗೂ ಇದೆ, ಒಳಗೆ ಹೋಗುವ ಹಕ್ಕು ಯಾರಿಗೂ ಇಲ್ಲ. ವಿಶೇಷ ಅನುಮತಿ ಎಂಬ ಪದ್ಧತಿಯೇ ಬ್ರಿಟಿಷರ ಕಾಲದ್ದು. 1949ರವರೆಗೆ ನಮ್ಮ ಕೊನೆಯ ಮೇಲ್ಮನವಿಗಳು ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋಗುತ್ತಿದ್ದವು, ಅಲ್ಲೂ ಹೀಗೆ ಅನುಮತಿ ಬೇಡಬೇಕಿತ್ತು.

ಕೋರ್ಟು ಹುಟ್ಟಿದ ವರ್ಷವೇ ಈ ಬಾಗಿಲನ್ನು ಎಷ್ಟು ತೆರೆಯಬೇಕೆಂಬ ಪ್ರಶ್ನೆ ಬಂತು. 1950ರಲ್ಲಿ ಪ್ರೀತಮ್ ಸಿಂಗ್ ಎಂಬ ಕೊಲೆ ಪ್ರಕರಣದಲ್ಲಿ ನ್ಯಾಯಮೂರ್ತಿ ಫಜಲ್ ಅಲಿ ಬರೆದ ತೀರ್ಪು ಇವತ್ತಿಗೂ ಮೂಲಪಾಠ. ಈ ಅಧಿಕಾರವನ್ನು ಬಹಳ ಮಿತವಾಗಿ, ಅಸಾಧಾರಣ ಸಂದರ್ಭಗಳಲ್ಲಿ ಮಾತ್ರ ಬಳಸಬೇಕು, ಗಂಭೀರವಾದ ಅನ್ಯಾಯ ಆಗಿದೆ ಎಂದು ತೋರಬೇಕು, ಮತ್ತು ಆದಷ್ಟೂ ಎಲ್ಲ ಪ್ರಕರಣಗಳಿಗೂ ಒಂದೇ ಅಳತೆಗೋಲು ಇರಬೇಕು ಎಂದರು ಅವರು. (ಮುಂದೆ ರಾಜ್ಯ ಪುನರ್ವಿಂಗಡಣಾ ಆಯೋಗದ ಅಧ್ಯಕ್ಷರಾಗಿ, ಚದುರಿದ್ದ ಕನ್ನಡ ಸೀಮೆಗಳನ್ನು ಒಂದು ರಾಜ್ಯವಾಗಿಸಲು ಶಿಫಾರಸು ಮಾಡಿದವರು ಇದೇ ಫಜಲ್ ಅಲಿ.) ಆಗ ಕೋರ್ಟಿನಲ್ಲಿ ಇರಬಹುದಾಗಿದ್ದ ನ್ಯಾಯಮೂರ್ತಿಗಳು ಎಂಟೇ ಮಂದಿ. 2019ರಲ್ಲಿ ಮಂಜೂರಾದ ಸಂಖ್ಯೆ 34ಕ್ಕೆ ಏರಿತು, ನ್ಯಾಯಮೂರ್ತಿಗಳು ಹೆಚ್ಚಾಗಿ ಇಬ್ಬಿಬ್ಬರ ಪೀಠಗಳಾಗಿ ಕೂರುತ್ತಾರೆ. ಬಾಕಿ ಇರುವ ಪ್ರಕರಣಗಳು 80 ಸಾವಿರಕ್ಕಿಂತ ಹೆಚ್ಚು. ‘ಮಿತವಾಗಿ’ ಎಂಬ ಮಾತೂ ‘ಒಂದೇ ಅಳತೆಗೋಲು’ ಎಂಬ ಮಾತೂ ಎಲ್ಲಿ ಉಳಿದೀತು, ನೀವೇ ಯೋಚಿಸಿ.

ಈಗ ನಿಮ್ಮ ಕಾಗದ ಅಲ್ಲಿ ಏನಾಯಿತು ಎಂಬುದಕ್ಕೆ ಬರೋಣ. ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಹಾಕಲು ‘ಅಡ್ವೊಕೇಟ್ ಆನ್ ರೆಕಾರ್ಡ್’ ಎಂಬ ಪರೀಕ್ಷೆ ಪಾಸಾದ ವಕೀಲರೇ ಬೇಕು. ನಿಮ್ಮ ಹಾವೇರಿಯ ಅಥವಾ ಧಾರವಾಡದ ವಕೀಲರು ಎಷ್ಟೇ ಹಿರಿಯರಾದರೂ ನೇರವಾಗಿ ಹಾಕುವಂತಿಲ್ಲ. ಹೈಕೋರ್ಟಿನ ತೀರ್ಪಿನಿಂದ 90 ದಿನಗಳ ಒಳಗೆ ಸಲ್ಲಿಸಬೇಕು. ತಡವಾದರೆ ತಡ ಏಕಾಯಿತೆಂದು ಬೇರೆ ಅರ್ಜಿ ಕೊಡಬೇಕು. ಕೋರ್ಟಿನ ಭಾಷೆ ಇಂಗ್ಲಿಷ್ ಆದ್ದರಿಂದ ಪಹಣಿ, ವಂಶವೃಕ್ಷ, ವಾಟ್ನಿ ಪತ್ರ, ಸಾಕ್ಷಿಗಳ ಹೇಳಿಕೆ, ಹೀಗೆ ನೀವು ಆಧರಿಸುವ ಕನ್ನಡದ ಕಾಗದಗಳೆಲ್ಲ ಅನುವಾದ ಆಗಬೇಕು. ಇಲ್ಲಿ ನಾನು ಕಂಡ ದೊಡ್ಡ ನಷ್ಟ ಒಂದಿದೆ. ಊರಿನ ವ್ಯವಹಾರದ ಮಾತು ಅನುವಾದದಲ್ಲಿ ಸತ್ತುಹೋಗುತ್ತದೆ. ‘ಬೇರೆಯಾಗಿ ಉಣ್ಣುತ್ತಿದ್ದರು’ ಎಂದು ಸಾಕ್ಷಿ ಹೇಳಿದರೆ ಅದು ಮನೆ ಒಡೆದುದರ ಗುರುತು ಎಂದು ನಮಗೆ ಗೊತ್ತು. ದೆಹಲಿಯಲ್ಲಿ ಕೂತ ಅನುವಾದಕರ ಕೈಯಲ್ಲಿ ಅದು ಊಟದ ಸುದ್ದಿ ಮಾತ್ರ ಆಗುತ್ತದೆ. ಹೋಗುವವರು ಅನುವಾದವನ್ನು ಊರಿನ ವಕೀಲರಿಂದ ಒಮ್ಮೆ ಓದಿಸಿಯೇ ಮುಂದೆ ಕಳಿಸಬೇಕು.

ಹೊಸ ಅರ್ಜಿಗಳು ವಾಡಿಕೆಯಂತೆ ಸೋಮವಾರ ಮತ್ತು ಶುಕ್ರವಾರ ಪೀಠದ ಮುಂದೆ ಬರುತ್ತವೆ. ಒಂದೊಂದು ಪೀಠದ ಪಟ್ಟಿಯಲ್ಲಿ ಐವತ್ತು, ಅರವತ್ತು ಪ್ರಕರಣಗಳು ಇರುವುದು ಮಾಮೂಲು. ‘ಓದಿದ್ದಾರೋ ಇಲ್ಲವೋ’ ಎಂದು ಕೇಳಿದಿರಿ. ಓದಿರುತ್ತಾರೆ. ನ್ಯಾಯಮೂರ್ತಿಗಳ ಮನೆಗೆ ಕಡತಗಳು ಮುಂಚೆಯೇ ಹೋಗಿರುತ್ತವೆ. ಆದರೆ ನೂರಾರು ಪುಟಗಳನ್ನು ಅಕ್ಷರಕ್ಷರ ಓದಲು ಯಾವ ಮನುಷ್ಯನಿಂದಲೂ ಸಾಧ್ಯವಿಲ್ಲ. ಮೊದಲ ಕೆಲವು ಪುಟಗಳಲ್ಲಿ ಪ್ರಕರಣದ ಸಾರಾಂಶ ಮತ್ತು ದಿನಾಂಕವಾರು ಘಟನೆಗಳ ಪಟ್ಟಿ ಇರುತ್ತದೆ, ಆಮೇಲೆ ಹೈಕೋರ್ಟಿನ ತೀರ್ಪು, ಆಮೇಲೆ ‘ಕಾನೂನಿನ ಪ್ರಶ್ನೆಗಳು’ ಎಂಬ ಭಾಗ. ನಿಮ್ಮ ಪ್ರಕರಣದ ಹಣೆಬರಹ ಬಹುಪಾಲು ಆ ಪುಟಗಳಲ್ಲೇ ತೀರ್ಮಾನವಾಗುತ್ತದೆ. ವಕೀಲರು ಎದ್ದು ನಿಲ್ಲುವ ಹೊತ್ತಿಗೆ ಪೀಠಕ್ಕೆ ಒಂದು ಅಭಿಪ್ರಾಯ ಬಂದಾಗಿರುತ್ತದೆ, ಅದನ್ನು ಅಲ್ಲಾಡಿಸಲು ಅವರಿಗೆ ಸಿಗುವುದು ಒಂದೆರಡು ಮಾತಿನ ಅವಕಾಶ.

ಪೀಠ ಮೂರರಲ್ಲಿ ಒಂದು ಮಾಡುತ್ತದೆ. ವಜಾ ಮಾಡಬಹುದು. ಎದುರು ಪಕ್ಷಕ್ಕೆ ನೋಟಿಸ್ ಕೊಡಬಹುದು. ಅಂದರೆ ಕೇಳುವಂಥದ್ದು ಏನೋ ಇದೆ, ಅವರೂ ಬರಲಿ ಎಂದರ್ಥ. ನೋಟಿಸ್ ಆಯಿತೆಂದು ಗೆದ್ದ ಸಂಭ್ರಮ ಬೇಡ, ಎರಡೂ ಕಡೆ ಕೇಳಿದ ಮೇಲೂ ಅನುಮತಿ ನಿರಾಕರಿಸಬಹುದು. ಮೂರನೆಯದು ‘ಲೀವ್ ಗ್ರಾಂಟೆಡ್’, ಅಂದರೆ ಅನುಮತಿ ಕೊಟ್ಟಿದೆ ಎಂದು. ಆ ಕ್ಷಣದಿಂದ ಎಸ್‌ಎಲ್‌ಪಿ ಹೋಗಿ ಸಿವಿಲ್ ಮೇಲ್ಮನವಿ ಎಂಬ ಹೊಸ ನಂಬರು ಬೀಳುತ್ತದೆ, ಪ್ರಕರಣ ನಿಜವಾದ ಅರ್ಥದಲ್ಲಿ ಸುಪ್ರೀಂ ಕೋರ್ಟಿನೊಳಗೆ ಬಂದಿತು ಎನ್ನಬೇಕು.

ಹಾಗಾದರೆ ಪೀಠ ಹುಡುಕುವುದು ಏನನ್ನು? ‘ಹೈಕೋರ್ಟ್ ತಪ್ಪು ಮಾಡಿದೆಯೇ?’ ಎಂಬ ಒಂದೇ ಪ್ರಶ್ನೆಯಿಂದ ಅಲ್ಲಿ ಬಾಗಿಲು ತೆರೆಯುವುದಿಲ್ಲ. ಇದನ್ನು ಕಕ್ಷಿದಾರರಿಗೆ ಒಪ್ಪಿಸುವುದು ಬಲು ಕಷ್ಟ, ಏಕೆಂದರೆ ಅವರಿಗೆ ಅದೊಂದೇ ಪ್ರಶ್ನೆ. ಪೀಠ ನೋಡುವುದು ಈ ತಪ್ಪು ಇವರೊಬ್ಬರ ಮನೆಯದೋ, ಅಥವಾ ನಾಳೆ ಸಾವಿರ ಮನೆಗಳಿಗೆ ತಟ್ಟುವಂಥದ್ದೋ ಎಂದು. ನಿಮ್ಮಂತೆಯೇ ಪಾಲಿನ ದಾವೆಯಾಗಿ, ನಮ್ಮ ರಾಜ್ಯದಲ್ಲೇ ಹುಟ್ಟಿ, ಅಲ್ಲಿಗೆ ಹೋಗಿ ದೇಶದ ಕಾನೂನನ್ನೇ ಕಲಕಿದ ಪ್ರಕರಣಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

1992ರಲ್ಲಿ ಬೆಳಗಾವಿಯ ಕೋರ್ಟಿನಲ್ಲಿ ಮಗಳೊಬ್ಬರು ಪಾಲು ಕೇಳಿ ದಾವೆ ಹೂಡಿದರು. ಅದು ನಡೆಯುತ್ತಿರುವಾಗಲೇ, 2005ರ ಸೆಪ್ಟೆಂಬರ್ 9ರಿಂದ, ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದು ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಸಿಕ್ಕಿತು. ತಂದೆ ಆ ದಿನಾಂಕಕ್ಕೆ ಮುಂಚೆಯೇ ತೀರಿಕೊಂಡಿದ್ದರೆ ಮಗಳಿಗೆ ಆ ಹಕ್ಕು ಉಂಟೇ ಎಂಬ ಪ್ರಶ್ನೆ ಎದ್ದಿತು. ಕರ್ನಾಟಕ ಹೈಕೋರ್ಟ್ ಮಗಳ ಪರ ಹೇಳಿತ್ತು. ಸುಪ್ರೀಂ ಕೋರ್ಟು 2015ರಲ್ಲಿ, ವಕೀಲರು ಫೂಲವತಿ ಕೇಸು ಎಂದು ಕರೆಯುವ ಆ ಪ್ರಕರಣದಲ್ಲಿ, ತಂದೆ ಆ ದಿನ ಬದುಕಿರಬೇಕು ಎಂದಿತು. ಕರ್ನಾಟಕದಿಂದಲೇ ಹೋದ ಇನ್ನೊಂದು ಪಾಲಿನ ದಾವೆ, ದಾನಮ್ಮ ಕೇಸು. ಅಲ್ಲಿ ತಂದೆ 2001ರಲ್ಲೇ ತೀರಿಕೊಂಡಿದ್ದರು. 2018ರಲ್ಲಿ ಇನ್ನೊಂದು ಪೀಠ ಅಲ್ಲಿನ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು! ಎರಡೂ ಇಬ್ಬರು ನ್ಯಾಯಮೂರ್ತಿಗಳ ಪೀಠಗಳೇ. ದೇಶದ ಸಿವಿಲ್ ಕೋರ್ಟುಗಳು ಯಾವುದನ್ನು ಹಿಡಿಯಬೇಕು? ಅದೇ ವರ್ಷ ದೆಹಲಿ ಹೈಕೋರ್ಟಿಗೆ ಇಂಥದೇ ಪ್ರಕರಣ ಬಂದಾಗ ಅದು ಈ ಗೊಂದಲವನ್ನು ಬಿಡಿಸಿ ಹೇಳಿ, ಮೊದಲು ನಾನು ಹೇಳಿದೆನಲ್ಲ, ಆ ಅಪರೂಪದ ಪ್ರಮಾಣಪತ್ರವನ್ನು ತಾನೇ ಕೊಟ್ಟಿತು. 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ಆ ವಿನೀತಾ ಶರ್ಮಾ ಪ್ರಕರಣದಲ್ಲಿ, ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಅಂದು ಬದುಕಿರಬೇಕಿಲ್ಲ ಎಂದು ಇತ್ಯರ್ಥ ಮಾಡಿತು.

ಈ ಪ್ರಕರಣಗಳಲ್ಲೂ ನಿಮ್ಮದರಂತೆ ಹೊಲ ಮನೆಗಳ ಪಾಲೇ ಇತ್ತು. ಆದರೆ ಅವುಗಳ ಒಳಗೆ ಲಕ್ಷಾಂತರ ಹೆಣ್ಣುಮಕ್ಕಳ ಪ್ರಶ್ನೆ ಕೂತಿತ್ತು. ನಿಮ್ಮದರಲ್ಲಿ ಇದ್ದದ್ದು ‘ಅಜ್ಜನ ಕಾಲದಲ್ಲಿ ವಾಟ್ನಿ ಆಗಿತ್ತೇ ಇಲ್ಲವೇ’ ಎಂಬ ಪ್ರಶ್ನೆ. ಅದು ಸಂಗತಿಯ ಪ್ರಶ್ನೆ. ಸಾಕ್ಷಿ ನುಡಿಯುವವರ ಮುಖ ನೋಡಿ, ಕಾಗದ ನೋಡಿ ಸಿವಿಲ್ ಕೋರ್ಟು ತೀರ್ಮಾನಿಸುವಂಥದ್ದು. ಅದನ್ನು ಜಿಲ್ಲಾ ಕೋರ್ಟೂ ಒಪ್ಪಿತು. ಆರ್‌ಎಸ್‌ಎಯಲ್ಲಿ ಹೈಕೋರ್ಟೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಮಿನ ಪ್ರಕಾರ ಗಣನೀಯ ಕಾನೂನು ಪ್ರಶ್ನೆ ಇದ್ದರೆ ಮಾತ್ರ ಕೈ ಹಾಕಬಹುದು. ಕೆಳಗಿನ ಎರಡು ಕೋರ್ಟುಗಳು ಒಂದೇ ಮಾತು ಹೇಳಿ, ಹೈಕೋರ್ಟೂ ಕೈ ಹಾಕದೆ ಬಿಟ್ಟ ಸಂಗತಿಯನ್ನು ದೆಹಲಿಯಲ್ಲಿ ಮತ್ತೆ ತೆರೆಸುವುದು ಬಹುತೇಕ ಅಸಾಧ್ಯ. ಸಾಕ್ಷ್ಯವನ್ನು ಓದಿದವರು ಯಾರೂ ಬರಲಾರದ ತೀರ್ಮಾನಕ್ಕೆ ಕೋರ್ಟು ಬಂದಿದ್ದರೆ, ಮುಖ್ಯ ದಾಖಲೆಯನ್ನು ನೋಡದೇ ಬಿಟ್ಟಿದ್ದರೆ, ಒಂದು ಪಕ್ಷದ ಮಾತನ್ನೇ ಕೇಳದೆ ಆದೇಶ ಮಾಡಿದ್ದರೆ, ಆಗ ಪೀಠ ನಿಲ್ಲಿಸಿ ಕೇಳುತ್ತದೆ. ಎರಡು ಹೈಕೋರ್ಟುಗಳು ಒಂದೇ ಕಾನೂನನ್ನು ಎರಡು ಬಗೆಯಾಗಿ ಓದಿದ್ದರೂ ಕೇಳುತ್ತದೆ. ಒಬ್ಬರ ಸ್ವಾತಂತ್ರ್ಯ, ಪ್ರಾಣ ಪಣಕ್ಕಿದ್ದರೆ ಇನ್ನೂ ಹೆಚ್ಚು ಎಚ್ಚರ. ಮರಣದಂಡನೆ ಪ್ರಕರಣಗಳಲ್ಲಿ ಕಾರಣ ಹೇಳದೆ ಎಸ್‌ಎಲ್‌ಪಿಯನ್ನು ಮೊದಲ ಹಂತದಲ್ಲೇ ವಜಾ ಮಾಡಬಾರದು ಎಂದು 2018ರಲ್ಲಿ ಕೋರ್ಟೇ ಹೇಳಿದೆ.

ಎಲ್ಲ ಮೇಲ್ಮನವಿಗಳಿಗೂ ಅನುಮತಿ ಬೇಕಿಲ್ಲ ಎಂಬುದನ್ನೂ ತಿಳಿಸಬೇಕು. ಕೆಳ ಕೋರ್ಟು ಬಿಡುಗಡೆ ಮಾಡಿದವನಿಗೆ ಹೈಕೋರ್ಟು ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆ ಕೊಟ್ಟರೆ ಮೇಲ್ಮನವಿ ಅವನ ಹಕ್ಕು. ಚುನಾವಣಾ ತಕರಾರು ಅರ್ಜಿಗಳು, ಹಸಿರು ನ್ಯಾಯಮಂಡಳಿಯ ಆದೇಶಗಳು ಮುಂತಾದುವಕ್ಕೂ ಆಯಾ ಕಾಯ್ದೆಗಳು ನೇರ ದಾರಿ ಕೊಟ್ಟಿವೆ.

ಕಾರಣ ಏಕೆ ಹೇಳುವುದಿಲ್ಲ ಎಂಬ ನಿಮ್ಮ ನೋವಿನ ಪ್ರಶ್ನೆ ಇನ್ನೂ ಉಳಿದಿದೆ. ಅಮೆರಿಕದ ಸುಪ್ರೀಂ ಕೋರ್ಟೂ ಹೇಳುವುದಿಲ್ಲ. ಅಲ್ಲಿ 1925ರ ಕಾಯ್ದೆಯೊಂದು ಕೋರ್ಟಿಗೆ ಆಯ್ಕೆಯ ಅಧಿಕಾರವನ್ನು ವಿಸ್ತಾರವಾಗಿ ಕೊಟ್ಟಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ನಾಲ್ವರು ಒಪ್ಪಿದರೆ ಪ್ರಕರಣ ಒಳಗೆ ಬರುತ್ತದೆ. ವರ್ಷಕ್ಕೆ ಸಾವಿರಾರು ಅರ್ಜಿಗಳು ಹೋಗುತ್ತವೆ, ಪೂರ್ಣ ವಿಚಾರಣೆಗೆ ಬರುವವು ಅರವತ್ತರ ಆಸುಪಾಸು. ಆದರೆ ಅಲ್ಲಿ ಒಂಬತ್ತು ಮಂದಿಯೂ ಒಂದೇ ಕೋರ್ಟಾಗಿ ಕೂರುತ್ತಾರೆ, ಹಾಗಾಗಿ ಅಳತೆಗೋಲು ಒಂದಿದೆ. ನಮ್ಮಲ್ಲಿ ಇಬ್ಬಿಬ್ಬರ ಪೀಠಗಳು. ಒಂದು ಪೀಠದಲ್ಲಿ ನೋಟಿಸ್ ಆಗುವಂಥದ್ದು ಪಕ್ಕದ ಪೀಠದಲ್ಲಿ ವಜಾ ಆಗಬಹುದು. ನಿಯಮಿತವಾಗಿ ಅಲ್ಲಿ ನಿಲ್ಲುವ ವಕೀಲರಿಗೆಲ್ಲ ಇದು ಗೊತ್ತು. ಇದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

ಸರಿಪಡಿಸುವ ಪ್ರಯತ್ನಗಳು ನಡೆಯಲಿಲ್ಲ ಎಂದಲ್ಲ. 1986ರಲ್ಲಿ ಇಬ್ಬರು ಉದ್ಯಮಿಗಳ ಜಾಮೀನು ಅರ್ಜಿಯನ್ನು ತಡರಾತ್ರಿ ಕೇಳಿದಾಗ, ಬಡವರ ಅರ್ಜಿಗೂ ಅದೇ ಕಾಳಜಿ ಇರಲಿ ಎಂದು ಬಿಹಾರದ ಕಾನೂನು ನೆರವು ಸಂಸ್ಥೆಯೊಂದು ಕೋರ್ಟಿನ ಮುಂದೆ ಹೋಯಿತು. ಆ ಪ್ರಕರಣದಲ್ಲಿ ಮುಖ್ಯ ನ್ಯಾಯಮೂರ್ತಿ ಭಗವತಿ, ಸುಪ್ರೀಂ ಕೋರ್ಟು ಎಲ್ಲ ತಪ್ಪುಗಳನ್ನೂ ತಿದ್ದುವ ಮಾಮೂಲಿ ಅಪೀಲು ಕೋರ್ಟಲ್ಲ, ಅದಕ್ಕಾಗಿ ಬೇರೊಂದು ರಾಷ್ಟ್ರೀಯ ಮೇಲ್ಮನವಿ ನ್ಯಾಯಾಲಯ ಇರುವುದು ಒಳ್ಳೆಯದು ಎಂದರು. ಆ ನ್ಯಾಯಾಲಯ ಇಂದಿಗೂ ಬಂದಿಲ್ಲ. 2010ರಲ್ಲಿ ಮಥಾಯಿ ಪ್ರಕರಣದಲ್ಲಿ ನ್ಯಾಯಮೂರ್ತಿ ಕಾಟ್ಜು ಅವರಿದ್ದ ಪೀಠ, ಸಣ್ಣಪುಟ್ಟ ಆದೇಶಗಳ ವಿರುದ್ಧವೂ ಎಸ್‌ಎಲ್‌ಪಿಗಳ ಪ್ರವಾಹ ಬರುತ್ತಿದೆ, ಯಾವುದನ್ನು ಕೇಳಬೇಕೆಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಮಾರ್ಗಸೂಚಿ ಹಾಕಲಿ ಎಂದು ಕಳಿಸಿತು. 2016ರ ಜನವರಿಯಲ್ಲಿ ಸಂವಿಧಾನ ಪೀಠ ಒಪ್ಪಲಿಲ್ಲ. 136ನೇ ವಿಧಿಯ ಅಧಿಕಾರವನ್ನು ಕಟ್ಟಿಹಾಕುವ ಪ್ರಯತ್ನವೇ ಬೇಡ ಎಂದಿತು. ಅವರ ಅಳುಕು ನನಗೆ ಅರ್ಥವಾಗುತ್ತದೆ. ಪಟ್ಟಿ ಮಾಡಿದರೆ ನಾಳೆ ಪಟ್ಟಿಯಲ್ಲಿಲ್ಲದ ಘೋರ ಅನ್ಯಾಯವೊಂದು ಬಾಗಿಲಲ್ಲಿ ನಿಂತೀತು. ಆದರೆ ಪಟ್ಟಿ ಬೇಡವಾದರೆ ಒಂದು ಸಾಲಿನ ಕಾರಣವನ್ನಾದರೂ ಬರೆಯಬಹುದಲ್ಲ? ‘ಇದು ಸಂಗತಿಯ ಪ್ರಶ್ನೆ, ಕೆಳಗಿನ ಕೋರ್ಟುಗಳು ಒಂದೇ ತೀರ್ಮಾನಕ್ಕೆ ಬಂದಿವೆ’ ಎಂದು ಬರೆದಿದ್ದರೆ ನೀವು ಇವತ್ತು ನನಗೆ ಪತ್ರ ಬರೆಯಬೇಕಿರಲಿಲ್ಲ. ಹೊಲ ಅಡವಿಟ್ಟು ಬಂದ ಮನುಷ್ಯನಿಗೆ ಅಷ್ಟು ತಿಳಿಸುವುದು ಕೋರ್ಟಿನ ಕರ್ತವ್ಯ ಎಂದೇ ನಾನು ನಂಬಿದ್ದೇನೆ.

ಕಾರಣ ಬರೆಯದೆ ಇರುವುದರಿಂದ ನಿಮಗೆ ಒಂದು ಲಾಭವೂ ಇದೆ. 2000ದಲ್ಲಿ ಕುಞ್ಞಹಮ್ಮದ್ ಪ್ರಕರಣದಲ್ಲಿ ಕೋರ್ಟು ಇದನ್ನು ವಿವರವಾಗಿ ಹೇಳಿತು: ಕಾರಣವಿಲ್ಲದೆ ಎಸ್‌ಎಲ್‌ಪಿ ವಜಾ ಆದರೆ ಹೈಕೋರ್ಟಿನ ತೀರ್ಪು ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಲೀನವಾಗುವುದಿಲ್ಲ, ಹೈಕೋರ್ಟು ಹೇಳಿದ್ದು ಸರಿ ಎಂದೂ ಆಗುವುದಿಲ್ಲ. ಹೀಗಾಗಿ ಹೈಕೋರ್ಟಿನಲ್ಲೇ ಪುನರ್‌ಪರಿಶೀಲನಾ ಅರ್ಜಿ ಹಾಕಲು ಅಡ್ಡಿಯಿಲ್ಲ. ಇದರ ಮೇಲೆ ಮತ್ತೆ ಅನುಮಾನ ಎದ್ದಾಗ 2019ರಲ್ಲಿ ಮೂವರು ನ್ಯಾಯಮೂರ್ತಿಗಳು ಅದನ್ನೇ ಗಟ್ಟಿ ಮಾಡಿದರು. ಆ ಪ್ರಕರಣವೂ ನಮ್ಮದೇ: ಖೋಡೆ ಡಿಸ್ಟಿಲರೀಸ್ ಮತ್ತು ಕೊಳ್ಳೇಗಾಲದ ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆಯ ನಡುವಿನ ವ್ಯಾಜ್ಯ. ಆದರೆ ಅನುಮತಿ ಸಿಕ್ಕಿ, ಮೇಲ್ಮನವಿಯಾಗಿ, ಆಮೇಲೆ ವಜಾ ಆಗಿದ್ದರೆ ಕಥೆಯೇ ಬೇರೆ. ಆಗ ಹೈಕೋರ್ಟಿನ ತೀರ್ಪು ಲೀನವಾಗಿರುತ್ತದೆ, ಅಲ್ಲಿಗೆ ಮರಳುವಂತಿಲ್ಲ.

ನಿಮ್ಮ ಆದೇಶವನ್ನು ಮತ್ತೊಮ್ಮೆ ತೆಗೆದು ನೋಡಿ. ‘ವಿಳಂಬ ಮನ್ನಾ ಮಾಡಿದೆ’ ಎಂದಿದ್ದರೆ ತಡವಾದದ್ದು ನಿಮಗೆ ಅಡ್ಡ ಬರಲಿಲ್ಲ ಎಂದರ್ಥ. ‘ಮಧ್ಯಪ್ರವೇಶಿಸಲು ನಮಗೆ ಇಚ್ಛೆಯಿಲ್ಲ’ ಎಂದಷ್ಟೇ ಇದ್ದರೆ ಮೇಲೆ ಹೇಳಿದ ಲಾಭ ನಿಮಗುಂಟು. ಯಾವುದಾದರೂ ಕಾರಣ ಬರೆದಿದ್ದರೆ, ಅದು ಒಂದೇ ವಾಕ್ಯವಾದರೂ, ಆ ಕಾರಣಕ್ಕೆ ನೀವೂ ಹೈಕೋರ್ಟೂ ಬದ್ಧರು. ‘ಹಿಂತೆಗೆದುಕೊಂಡಿದ್ದರಿಂದ ವಜಾ’ ಎಂದಿದ್ದರೆ, ಮತ್ತೆ ಬರಲು ಸ್ವಾತಂತ್ರ್ಯ ಕೇಳಿ ಪಡೆದಿದ್ದಾರೆಯೇ ಎಂದು ವಕೀಲರನ್ನು ಕೇಳಿ, ಅದಿಲ್ಲದೆ ಎರಡನೇ ಎಸ್‌ಎಲ್‌ಪಿ ನಿಲ್ಲುವುದಿಲ್ಲ.

ಪುನರ್‌ಪರಿಶೀಲನೆ ಎಂದ ಕೂಡಲೇ ಮತ್ತೆ ಹಣ ಹೊಂದಿಸಲು ಹೊರಡಬೇಡಿ. ಅದರ ಕಿಂಡಿ ಬಲು ಸಣ್ಣದು. ಎಷ್ಟು ಹುಡುಕಿದರೂ ಹಿಂದೆ ಸಿಗದ ಹೊಸ ಸಾಕ್ಷ್ಯ ಈಗ ಸಿಕ್ಕಿರಬೇಕು, ಅಥವಾ ತೀರ್ಪನ್ನು ಓದಿದ ಕೂಡಲೇ ಕಣ್ಣಿಗೆ ಹೊಡೆಯುವ ತಪ್ಪು ಇರಬೇಕು. ಅದಕ್ಕೆ ಇರುವುದು 30 ದಿನ, ಹೈಕೋರ್ಟಿನ ತೀರ್ಪಿನಿಂದ ಲೆಕ್ಕ ಹಾಕಿದರೆ ನಿಮ್ಮದು ಕಳೆದಿದೆ, ವಿಳಂಬಕ್ಕೆ ವಿವರಣೆ ಕೊಡಬೇಕಾಗುತ್ತದೆ. ಅಜ್ಜನ ಕಾಲದ ವಾಟ್ನಿಯ ಕುರಿತು ಹಳೆಯ ಕಂದಾಯ ಕಡತವೋ ನೋಂದಾಯಿತ ಕಾಗದವೋ ನಿಜವಾಗಿ ಹೊಸದಾಗಿ ದೊರಕಿದ್ದರೆ ಮಾತ್ರ ಧಾರವಾಡದ ನಿಮ್ಮ ವಕೀಲರ ಬಳಿ ಹೋಗಿ. ಹಣದ ಅಡಚಣೆ ಇದ್ದರೆ, ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಮುಂತಾದವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಉಂಟು. ಉಳಿದವರಿಗೆ ಸುಪ್ರೀಂ ಕೋರ್ಟಿನ ಮಟ್ಟದಲ್ಲಿ ವಾರ್ಷಿಕ ಆದಾಯದ ಮಿತಿ 5 ಲಕ್ಷ ರೂಪಾಯಿ. ಹೊಸ ಕಾಗದ ಯಾವುದೂ ಇಲ್ಲವಾದರೆ ಅಂತಿಮ ಡಿಕ್ರಿಯ ಕಡೆ ಗಮನ ಕೊಡಿ. ಯಾವ ಸರ್ವೆ ನಂಬರಿನಲ್ಲಿ ಯಾರಿಗೆ ಯಾವ ದಿಕ್ಕಿನ ಭಾಗ, ಬಾವಿ ಯಾರಿಗೆ, ನೀವು ಕಟ್ಟಿದ ಬದು, ಹಾಕಿದ ಕೊಳವೆಬಾವಿ ಎಲ್ಲಿ ಬರಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಕೋರ್ಟ್ ಕಮಿಷನರ್ ಅಳತೆಗೆ ಬಂದ ದಿನ ನಿಮ್ಮ ಪಹಣಿ, ನಕಾಶೆ ಹಿಡಿದು ಹೊಲದಲ್ಲೇ ಇರಿ.